ಒಂಬತ್ತನೇ ನಂಬರ್ ಜಾಗ ಯಾಕೆ ಖಾಲಿ? ಬಿಎಫ್‌ಸಿಯ ಹಳೇ ಕಾಯಿಲೆ

ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡ ಸೋತಾಗಲೆಲ್ಲ ಬೈಗುಳ ಬೀಳುವುದು ಕೋಚ್‌ಗೆ. ಡಿಫೆನ್ಸ್ ಸರಿಯಿಲ್ಲ, ಹಿಂದೆ ಮೂರೇ ಜನ ಇಟ್ಟಿದ್ದು ತಪ್ಪು, ಬದಲಿ ಆಟಗಾರರನ್ನು ತಡವಾಗಿ ಇಳಿಸಿದ, ಹೀಗೆ ಶುರುವಾಗುತ್ತದೆ. ಎಲ್ಲವೂ ಸ್ವಲ್ಪ ಸ್ವಲ್ಪ ನಿಜವೇ. ಆದರೆ ಈ ತಂಡವನ್ನು ಐ-ಲೀಗ್ (ಆಗಿನ ದೇಶದ ಮುಖ್ಯ ಲೀಗ್) ಕಾಲದಿಂದ ನೋಡುತ್ತಾ ಬಂದ ನನಗೆ ಕಾಯಿಲೆ ಒಂದೇ ಅನಿಸುತ್ತದೆ, ಅದೂ ಬಹಳ ಹಳೆಯದು. ಬಾಕ್ಸ್ ಒಳಗೆ ನಿಂತು ಗೋಲು ಹೊಡೆಯುವ ಒಬ್ಬ ಸೆಂಟರ್ ಫಾರ್ವರ್ಡ್‌ನನ್ನು, ಅಂದರೆ ಒಂಬತ್ತನೇ ನಂಬರ್ ಸ್ಟ್ರೈಕರ್‌ನನ್ನು, ಈ ಕ್ಲಬ್ ಇವತ್ತಿನವರೆಗೂ ತಾನೇ ತಯಾರು ಮಾಡಿ ನಿಲ್ಲಿಸಿಲ್ಲ. ಇರುವುದು ಸುನಿಲ್ ಛೆಟ್ರಿ. ಅವರ ಪಕ್ಕಕ್ಕೆ ಒಳ್ಳೆ ವಿದೇಶಿ ಸ್ಟ್ರೈಕರ್ ಸಿಕ್ಕ ವರ್ಷ ತಂಡ ಮೇಲೆ, ಸಿಗದ ವರ್ಷ ಕೆಳಗೆ. ಉಳಿದ ಟ್ಯಾಕ್ಟಿಕ್ಸ್ ಎಲ್ಲಾ ಆ ಖಾಲಿ ಜಾಗ ಮುಚ್ಚುವ ಸರ್ಕಸ್ಸು.

ಕೊಡಗಿನಲ್ಲಿ ಕೂತು ಫುಟ್‌ಬಾಲ್ ಮಾತಾಡುತ್ತೀಯಲ್ಲ ಅಂತ ನಗುವವರಿದ್ದಾರೆ. ಇದು ಹಾಕಿಯ ನಾಡು, ಒಪ್ಪಿದೆ. ಆದರೆ ಸಿದ್ದಾಪುರ, ಸುಂಟಿಕೊಪ್ಪ, ವಿರಾಜಪೇಟೆ ಕಡೆ ಬಂದು ನೋಡಿ. ಕುಟ್ಟ, ಮಾಕುಟ್ಟ, ಕರಿಕೆ, ಮೂರೂ ಕಡೆ ದಾಟಿದರೆ ಕೇರಳ, ಹಾಗಾಗಿ ಆಟೋ ಗಾಜಿನ ಮೇಲೂ ಕೇರಳ ಬ್ಲಾಸ್ಟರ್ಸ್ ತಂಡದ ಆನೆಯೇ. ಬಿಎಫ್‌ಸಿಯ ನೀಲಿ ಜೆರ್ಸಿ ಹಾಕಿಕೊಂಡು ಇಲ್ಲಿ ಓಡಾಡುವವರು ಕಡಿಮೆ. ಪಂದ್ಯ ನೋಡೋಕೆ ಬೆಂಗಳೂರಿನ ಕಂಠೀರವ ಸ್ಟೇಡಿಯಂಗೆ ಹೋಗಬೇಕು ಅಂದ್ರೆ ಮಡಿಕೇರಿಯಿಂದ 250 ಕಿಲೋಮೀಟರ್ ಮೇಲಾಗುತ್ತದೆ, ಜಿಲ್ಲೆಗೆ ರೈಲಿಲ್ಲ, ಮುಗಿದ ಮೇಲೆ ರಾತ್ರಿ ಬಸ್ಸೇ ಗತಿ. ಸೀಸನ್‌ನ ಮುಖ್ಯ ಭಾಗ ಬರುವುದು ಕಾಫಿ ಕುಯ್ಲಿನ ಹೊತ್ತಿಗೆ. ಇಷ್ಟೆಲ್ಲಾ ಕಷ್ಟಪಟ್ಟು ನೋಡುವವರಿಗೆ ಸ್ವಲ್ಪ ಬಾಯಿ ಜಾಸ್ತಿ ಇರುತ್ತದೆ, ಅದು ಸಹಜ ಅಲ್ವಾ.

ಕಥೆ ಮೊದಲಿಂದ ಹೇಳುತ್ತೇನೆ.

ಕ್ಲಬ್ ಶುರುವಾಗಿದ್ದು 2013ರಲ್ಲಿ, ಜೆಎಸ್‌ಡಬ್ಲ್ಯೂ ಕಂಪನಿಯ ದುಡ್ಡಿನಲ್ಲಿ. ಮೊದಲ ಕೋಚ್ ಇಂಗ್ಲೆಂಡ್‌ನ ಆಶ್ಲಿ ವೆಸ್ಟ್‌ವುಡ್. ಅವರ ಆಟದಲ್ಲಿ ನಾಜೂಕು ಕಡಿಮೆ, ಓಟ ಜಾಸ್ತಿ. 90 ನಿಮಿಷ ಎದುರಾಳಿಗೆ ಉಸಿರಾಡೋಕೆ ಬಿಡಬಾರದು ಅನ್ನುವ ಲೆಕ್ಕ. ಆಗ ಭಾರತದ ಬೇರೆ ಯಾವ ಕ್ಲಬ್ಬೂ ಫಿಟ್‌ನೆಸ್‌ಗೆ ಅಷ್ಟು ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಹುಟ್ಟಿದ ವರ್ಷವೇ ಐ-ಲೀಗ್ ಗೆದ್ದರು. ಆ ಲೀಗ್‌ನಲ್ಲಿ ಛೆಟ್ರಿ 14 ಗೋಲು ಹೊಡೆದು ಅತಿ ಹೆಚ್ಚು ಗೋಲು ಗಳಿಸಿದವರ ಸಾಲಿನಲ್ಲಿ ನಿಂತರು. ಇಲ್ಲಿ ಒಂದು ವಿಷಯ ಗಮನಿಸಿ. ಛೆಟ್ರಿ ಬಹಳ ಸಲ ಆಡುತ್ತಿದ್ದುದು ಎಡಗಡೆಯಿಂದ. ನಡುವೆ ನಿಂತು ಡಿಫೆಂಡರ್‌ಗಳ ಜೊತೆ ಗುದ್ದಾಡುತ್ತಿದ್ದವರು ಆಸ್ಟ್ರೇಲಿಯಾದ ಶಾನ್ ರೂನಿ, ಇಲ್ಲವೇ ಎತ್ತರದ ರಾಬಿನ್ ಸಿಂಗ್. ಅಂದರೆ ಗೋಲು ಹೊಡೆಯುವವನು ಒಬ್ಬ, ಅವನಿಗೆ ಜಾಗ ಮಾಡಿಕೊಡುವವನು ಇನ್ನೊಬ್ಬ. ಈ ವ್ಯವಸ್ಥೆ ಮೊದಲ ದಿನದಿಂದ ಇದೆ.

ಮಾರನೇ ಸೀಸನ್‌ನ ಕೊನೆ ಪಂದ್ಯ, 2015ರ ಮೇ 31. ಕಂಠೀರವದಲ್ಲಿ ಮೋಹನ್ ಬಗಾನ್ ಎದುರು ಗೆದ್ದರೆ ಮತ್ತೆ ಲೀಗ್ ನಮ್ಮದೇ. ಜಾನ್ ಜಾನ್ಸನ್ ಗೋಲು ಹೊಡೆದರು. ಎರಡನೇ ಗೋಲು ಬರಲೇ ಇಲ್ಲ. 87ನೇ ನಿಮಿಷದಲ್ಲಿ ಬೆಲ್ಲೋ ರಜಾಕ್ ಹೆಡ್ ಮಾಡಿ 1-1 ಮಾಡಿದರು, ಕಪ್ ಕೋಲ್ಕತ್ತಾಕ್ಕೆ ಹೋಯಿತು. ಗೋಲು ಹೊಡೆದ ಇಬ್ಬರೂ ಸೆಂಟರ್ ಬ್ಯಾಕ್‌ಗಳು, ಅಂದರೆ ಡಿಫೆಂಡರ್‌ಗಳು! ನಮ್ಮ ದೊಡ್ಡ ಪಂದ್ಯಗಳಲ್ಲಿ ಇದು ಪದೇ ಪದೇ ಕಾಣುತ್ತದೆ, ಮುಂದೆ ಬರುತ್ತೇನೆ. 2016ರಲ್ಲಿ ಮತ್ತೆ ಐ-ಲೀಗ್ ಗೆದ್ದು ವೆಸ್ಟ್‌ವುಡ್ ಹೊರಟರು.

ಆಮೇಲೆ ಬಂದವರು ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ರೈಕಾರ್ಡ್ ಕೆಳಗೆ ಸಹಾಯಕ ಕೋಚ್ ಆಗಿದ್ದವರು. ಚೆಂಡು ನಮ್ಮ ಕಾಲಲ್ಲೇ ಇರಬೇಕು, ಹಿಂದಿನಿಂದಲೇ ಪಾಸ್ ಕಟ್ಟಿಕೊಂಡು ಬರಬೇಕು. ಬಂದ ಕೆಲವೇ ತಿಂಗಳಿಗೆ ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ ಸೆಮಿಫೈನಲ್. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹರ್. ಕಂಠೀರವದಲ್ಲಿ 3-1. ಛೆಟ್ರಿ ಒಂದು ಹೆಡ್ ಮಾಡಿದರು, ಇನ್ನೊಂದು ಬಾಕ್ಸ್‌ನಿಂದ ಎಷ್ಟೋ ದೂರದಿಂದ ಬಾರಿಸಿದರು. ಮೂರನೆಯದು ಹುವಾನನ್, ಅವರೂ ಡಿಫೆಂಡರ್ರೇ. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು. ದೋಹಾದ ಫೈನಲ್‌ನಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ 1-0ಯಿಂದ ಗೆದ್ದಿತು. ಹೊಡೆದವನು ಹಮ್ಮಾದಿ ಅಹ್ಮದ್, ಆ ಟೂರ್ನಿಯಲ್ಲಿ 16 ಗೋಲು ಗಳಿಸಿದವನು. ನಮ್ಮ ಹುಡುಗರು ಕೆಟ್ಟದಾಗಿ ಆಡಲಿಲ್ಲ. ಅವರ ಹತ್ತಿರ ನಿಜವಾದ ಸ್ಟ್ರೈಕರ್ ಒಬ್ಬನಿದ್ದ, ನಮ್ಮ ಹತ್ತಿರ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಆ ಪಾಠ ಕ್ಲಬ್‌ನವರಿಗೂ ಅರ್ಥವಾಯಿತು ಅಂತ ಕಾಣುತ್ತದೆ. 2017ರಲ್ಲಿ ಐ-ಲೀಗ್ ಬಿಟ್ಟು ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬರುವಾಗ ವೆನೆಜುವೆಲಾದ ಮಿಕುವನ್ನು ಕರೆತಂದರು. ಸ್ಪೇನ್‌ನ ಲಾ ಲಿಗಾದಲ್ಲಿ ಆಡಿ ಬಂದ ಆಟಗಾರ. ನಾನು ನೋಡಿದ ಬಿಎಫ್‌ಸಿಗಳಲ್ಲಿ ಅತ್ಯುತ್ತಮ ಅದೇ. ಮಿಕು ನಡುವೆ, ಛೆಟ್ರಿ ಎಡಕ್ಕೆ, ಉದಾಂತ ಬಲಕ್ಕೆ, ಹಿಂದಿನಿಂದ ಡಿಮಾಸ್ ಡೆಲ್ಗಾಡೊ ಮತ್ತು ಎರಿಕ್ ಪಾರ್ಟಾಲು. ಮಿಕು ಗೋಲಿಗೆ ಬೆನ್ನು ಹಾಕಿ ಚೆಂಡು ಹಿಡಿದರೆ ಇಬ್ಬರು ಡಿಫೆಂಡರ್‌ಗಳು ಅವನ ಮೇಲೆ ಬೀಳುತ್ತಿದ್ದರು, ಆ ಸಂದಿಯಲ್ಲಿ ಛೆಟ್ರಿ ಒಳಗೆ. ಮಿಕು 15 ಗೋಲು, ಛೆಟ್ರಿ 14. ಲೀಗ್‌ನಲ್ಲಿ 18 ಪಂದ್ಯಕ್ಕೆ 40 ಪಾಯಿಂಟ್. 2017ರ ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ಬ್ಲಾಸ್ಟರ್ಸ್ ಎದುರು 3-1 ಗೆಲುವು, ನಮ್ಮ ಕೊನೆಯ ಎರಡು ಮಿಕು ಇಂಜುರಿ ಟೈಮ್‌ನಲ್ಲಿ ಹೊಡೆದಿದ್ದು. ನಮ್ಮ ಕಡೆಯ ಹಳದಿ ಗೆಳೆಯರಿಗೆ ಆ ಹೊಸ ವರ್ಷದ ಶುಭಾಶಯ ಇನ್ನೂ ನೆನಪಿದೆ.

ಅಷ್ಟಾಗಿಯೂ ಆ ವರ್ಷದ ಫೈನಲ್ ಸೋತೆವು. ಚೆನ್ನೈಯಿನ್ 3-2, ಅದೂ ನಮ್ಮ ಕಂಠೀರವದಲ್ಲಿ. ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗೆ ಎರಡು ಹೆಡ್ ಹೊಡೆದ. ಮತ್ತೆ ಸೆಂಟರ್ ಬ್ಯಾಕ್.

ಮುಂದಿನ ವರ್ಷ ರೋಕಾ ಜಾಗಕ್ಕೆ ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್. ಮಿಕು ಗಾಯದಿಂದ ಸೀಸನ್ ಮಧ್ಯೆ ತಿಂಗಳುಗಟ್ಟಲೆ ಹೊರಗಿದ್ದ. ಕ್ವಾದ್ರಾತ್ ಬುದ್ಧಿವಂತ. ಸ್ಟ್ರೈಕರ್ ಇಲ್ಲದಿದ್ದರೆ ಏನಾಯಿತು ಅಂತ ಕಾರ್ನರ್, ಫ್ರೀಕಿಕ್, ಉದ್ದ ಥ್ರೋ ಇನ್ ಇದರ ಮೇಲೆ ಕೂತರು. 2019ರ ಮಾರ್ಚ್ 17, ಮುಂಬೈ, ಗೋವಾ ಎದುರು ಫೈನಲ್. 117ನೇ ನಿಮಿಷ, ಡಿಮಾಸ್ ಕಾರ್ನರ್, ರಾಹುಲ್ ಭೆಕೆ ಹೆಡ್, 1-0. ಲೀಗ್‌ನಲ್ಲೂ ಮೊದಲ ಸ್ಥಾನ, ಕಪ್ಪೂ ನಮ್ಮದೇ. ಐಎಸ್‌ಎಲ್‌ನಲ್ಲಿ ಇದುವರೆಗೆ ಬಂದಿರುವ ಒಂದೇ ಕಪ್. ತಂದುಕೊಟ್ಟವರು ಒಬ್ಬ ಡಿಫೆಂಡರ್.

ಹಾಕಿ ಗೊತ್ತಿರುವವರಿಗೆ ಇದನ್ನು ಬೇರೆ ರೀತಿ ಹೇಳಬಹುದು. ನಮ್ಮ ಕೊಡಗಿನವರೇ ಆದ ವಿ.ಆರ್. ರಘುನಾಥ್ ಥರ ಡ್ರ್ಯಾಗ್ ಫ್ಲಿಕ್ ಮಾಡುವವನು ತಂಡದಲ್ಲಿದ್ದರೆ ಫೀಲ್ಡ್ ಗೋಲು ಬರದಿದ್ದರೂ ಪೆನಾಲ್ಟಿ ಕಾರ್ನರ್‌ನಲ್ಲಿ ಪಂದ್ಯ ಎಳೆದುಕೊಂಡು ಹೋಗಬಹುದು. ಆದರೆ ಎದುರಾಳಿ ಅದನ್ನು ಓದಿಕೊಂಡ ದಿನ ಕೈಯಲ್ಲಿ ಬೇರೇನೂ ಇರುವುದಿಲ್ಲ. 2019-20ರಲ್ಲಿ ಬಿಎಫ್‌ಸಿಗೆ ಆಗಿದ್ದು ಅದೇ. ಮಿಕು ಹೋಗಿಯಾಗಿತ್ತು. ಬದಲಿಗೆ ಬಂದ ಮಾನುಯೆಲ್ ಓನ್ವು ನಮ್ಮಲ್ಲಿ ಗೋಲು ಹೊಡೆಯಲಿಲ್ಲ, ಜನವರಿಯಲ್ಲಿ ಒಡಿಶಾಗೆ ಸಾಲಕ್ಕೆ ಹೋದ, ಅಲ್ಲಿ ಕೆಲವೇ ಪಂದ್ಯಗಳಲ್ಲಿ 7 ಗೋಲು ಬಾರಿಸಿದ! ಇದಕ್ಕೆ ಅಳಬೇಕೋ ನಗಬೇಕೋ. ನನ್ನ ಪ್ರಕಾರ ತಪ್ಪು ಅವನದಲ್ಲ. ನಮ್ಮ ಆಟದಲ್ಲಿ ಅವನಿಗೆ ಚೆಂಡೇ ಬರುತ್ತಿರಲಿಲ್ಲ. ಆ ಸೀಸನ್ ಲೀಗ್‌ನ 18 ಪಂದ್ಯದಲ್ಲಿ ನಾವು ಹೊಡೆದಿದ್ದು 22 ಗೋಲು, ಅದರಲ್ಲಿ ಛೆಟ್ರಿಯದೇ 9. ಸೆಮಿಫೈನಲ್‌ನಲ್ಲಿ ಕೋಲ್ಕತ್ತಾದ ಎಟಿಕೆ ಮನೆಗೆ ಕಳಿಸಿತು.

ಹಾಗಾದರೆ ಭಾರತೀಯ ಸ್ಟ್ರೈಕರ್ ಯಾಕೆ ಬರಲಿಲ್ಲ? ಇದು ಬಿಎಫ್‌ಸಿ ಒಂದರ ಕಥೆಯಲ್ಲ. ಐಎಸ್‌ಎಲ್ 2014ರಲ್ಲಿ ಶುರುವಾದಾಗ ಮೈದಾನದಲ್ಲಿ 6 ವಿದೇಶಿಗಳು ಇರಬಹುದಿತ್ತು. 2017ರಲ್ಲಿ ಅದು 5 ಆಯಿತು, 2021ರಿಂದ 4. ಕೋಚ್‌ಗಳು ಆ ಜಾಗಗಳನ್ನು ಎಲ್ಲಿಗೆ ಬಳಸುತ್ತಾರೆ ಹೇಳಿ? ಬೆನ್ನೆಲುಬಿಗೆ. ಒಬ್ಬ ಸೆಂಟರ್ ಬ್ಯಾಕ್, ಒಬ್ಬಿಬ್ಬರು ಮಿಡ್‌ಫೀಲ್ಡರ್, ಮುಂದೆ ಒಬ್ಬ ಸ್ಟ್ರೈಕರ್. ನಮ್ಮ ಹುಡುಗರಿಗೆ ಉಳಿಯುವುದು ಗೋಲ್ ಕೀಪರ್, ಫುಲ್ ಬ್ಯಾಕ್, ವಿಂಗ್. ಹದಿನೆಂಟು ವರ್ಷಕ್ಕೆ ಸ್ಟ್ರೈಕರ್ ಆಗಿದ್ದವನು ಇಪ್ಪತ್ತೆರಡಕ್ಕೆ ವಿಂಗರ್ ಆಗಿರುತ್ತಾನೆ, ಇಪ್ಪತ್ತೈದಕ್ಕೆ ಬೆಂಚ್. ನಾಲ್ಕಕ್ಕೆ ಇಳಿಸಿದ ಮೇಲೂ ಈ ಅಭ್ಯಾಸ ಬಿಟ್ಟುಹೋಗಿಲ್ಲ. ಮೊದಲು ಕೈಬಿಡುವುದು ಬೇರೆ ಜಾಗದ ವಿದೇಶಿಯನ್ನು, ಸ್ಟ್ರೈಕರ್ ಮಾತ್ರ ಉಳಿಯುತ್ತಾನೆ.

ನಮ್ಮ ಕಡೆಯ ಸೆವೆನ್ಸ್‌ನಲ್ಲೂ (ತಂಡಕ್ಕೆ ಏಳೇ ಜನ ಆಡುವ ಫುಟ್‌ಬಾಲ್) ಇದನ್ನೇ ನೋಡುತ್ತೇನೆ. ಮಲಬಾರಿನಲ್ಲಿ ತಂಡಗಳು ಆಫ್ರಿಕಾದ ಆಟಗಾರರನ್ನು ದುಡ್ಡು ಕೊಟ್ಟು ಕರೆಸುವುದು ಎಷ್ಟೋ ವರ್ಷದ ಪದ್ಧತಿ. ನಮ್ಮಲ್ಲಿ ಬಜೆಟ್ ಚಿಕ್ಕದು, ಕಣ್ಣೂರಿನಿಂದಲೋ ವಯನಾಡಿನಿಂದಲೋ ಒಬ್ಬ ಗಟ್ಟಿ ಫಾರ್ವರ್ಡ್ ಬರುತ್ತಾನೆ. ಸೆವೆನ್ಸ್‌ನಲ್ಲಿ ಆಫ್‌ಸೈಡ್ ಇಲ್ಲ. ಅವನು ಎದುರಾಳಿ ಕೀಪರ್ ಪಕ್ಕದಲ್ಲೇ ನಿಂತಿರುತ್ತಾನೆ, ಒಂದು ಕೈ ಡಿಫೆಂಡರ್ ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಚೆಂಡು ಇಲ್ಲಿ ಹಾಕು ಅಂತ ತೋರಿಸುತ್ತಾ. ಊರಿನ ಹುಡುಗ ಲೈನ್ ಉದ್ದಕ್ಕೂ ಓಡಿ ಓಡಿ ಅವನಿಗೆ ಚೆಂಡು ತಲುಪಿಸುತ್ತಾನೆ. ಮೈಕಿನಲ್ಲಿ ಹೆಸರು ಕೂಗುವುದು ಆ ಫಾರ್ವರ್ಡ್‌ದು. ಊರಿನ ಹುಡುಗನಿಗೆ ಆ ಜಾಗದಲ್ಲಿ ನಿಂತು ಅಭ್ಯಾಸವೇ ಆಗುವುದಿಲ್ಲ. ಕಮಿಟಿಯವರನ್ನು ಬೈದು ಉಪಯೋಗವಿಲ್ಲ, ಅವರಿಗೆ ಭಾನುವಾರದ ಕಪ್ ಬೇಕು.

ಬಿಎಫ್‌ಸಿಗೂ ಭಾನುವಾರದ ಕಪ್ ಬೇಕಿತ್ತು, ಅದೂ ಸಿಗಲಿಲ್ಲ. 2021ರ ಜನವರಿಯಲ್ಲಿ ಸಾಲಾಗಿ ಮೂರು ಪಂದ್ಯ ಸೋತ ಮೇಲೆ ಕ್ವಾದ್ರಾತ್ ಹೋದರು, ತಂಡ ಏಳನೇ ಸ್ಥಾನ. ಮುಂದಿನ ಕೋಚ್ ಪೆಝಾಯುಯೋಲಿ ಕಾಲದಲ್ಲಿ ಆರನೇ ಸ್ಥಾನ. ಆ ಎರಡು ವರ್ಷ ಮಾನ ಉಳಿಸಿದ ಬ್ರೆಜಿಲ್‌ನ ಕ್ಲೈಟನ್ ಸಿಲ್ವಾನನ್ನು ಈಸ್ಟ್ ಬೆಂಗಾಲ್‌ಗೆ ಹೋಗೋಕೆ ಬಿಟ್ಟರು, ಅಲ್ಲಿ ಅವನು ಮೊದಲ ಸೀಸನ್ನೇ 12 ಗೋಲು ಹೊಡೆದ. ಓನ್ವು ಕಥೆ ಮತ್ತೊಮ್ಮೆ!

2022-23 ಮಾತ್ರ ಬೇರೆ ಥರ. ಹೊಸ ಕೋಚ್ ಸೈಮನ್ ಗ್ರೇಸನ್ ಡುರಾಂಡ್ ಕಪ್ ಗೆದ್ದರು, ಆಮೇಲೆ ಲೀಗ್‌ನಲ್ಲಿ ತಂಡ ಕೆಳಗೆ ಬಿದ್ದಿತ್ತು. ಆಗ ಅವರು ಧೈರ್ಯ ಮಾಡಿ ಛೆಟ್ರಿಯನ್ನು ಬೆಂಚಲ್ಲಿ ಕೂರಿಸಿದರು. ಮುಂದೆ ರಾಯ್ ಕೃಷ್ಣ ಜೊತೆ ಶಿವಶಕ್ತಿ ನಾರಾಯಣನ್, ನಮ್ಮದೇ ರಿಸರ್ವ್ ತಂಡದಿಂದ ಬಂದ ಹುಡುಗ. ಸಾಲಾಗಿ ಎಂಟು ಗೆಲುವು. ಶಿವಶಕ್ತಿ ಓಡುತ್ತಿದ್ದ ರೀತಿ ನೋಡಿ ನನಗೆ ಅನಿಸಿತ್ತು, ಸಿಕ್ಕಿದ ಕಣೋ ಕೊನೆಗೂ. ಪ್ಲೇ ಆಫ್‌ನಲ್ಲಿ ಬ್ಲಾಸ್ಟರ್ಸ್ ಎದುರು ಛೆಟ್ರಿ ಬೆಂಚಿಂದ ಎದ್ದು ಬಂದು ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಹೊಡೆದಿದ್ದು, ಅವರ ಕೋಚ್ ವುಕೊಮನೊವಿಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋಗಿದ್ದು ಎಲ್ಲರಿಗೂ ಗೊತ್ತು. ಗೋಲು ಸರಿಯೋ ತಪ್ಪೋ ಅಂತ ಸಿದ್ದಾಪುರದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನನ್ನ ಪ್ರಕಾರ ಸರಿ, ಚರ್ಚೆ ಮುಗಿಯಿತು. ಫೈನಲ್‌ನಲ್ಲಿ ಶಿವಶಕ್ತಿ ಮೊದಲ ಕೆಲವೇ ನಿಮಿಷದಲ್ಲಿ ಗಾಯಗೊಂಡು ಹೊರಬಿದ್ದ, ಛೆಟ್ರಿ ಒಳಗೆ ಬಂದರು, ಪಂದ್ಯ 2-2, ಪೆನಾಲ್ಟಿಯಲ್ಲಿ ಸೋತೆವು.

ಆ ದಾರಿಯಲ್ಲೇ ಮುಂದೆ ಹೋಗಬೇಕಿತ್ತು. ಹೋಗಲಿಲ್ಲ. ಮುಂದಿನ ಸೀಸನ್‌ಗೆ ಇಂಗ್ಲೆಂಡ್‌ನಿಂದ ಕರ್ಟಿಸ್ ಮೇನ್ ಬಂದ, ಶಿವಶಕ್ತಿ ಮತ್ತೆ ಅಂಚಿಗೆ ಸರಿದ, ಡಿಸೆಂಬರ್‌ನಲ್ಲಿ ಗ್ರೇಸನ್ ಹೋದರು. 12 ತಂಡಗಳಲ್ಲಿ ಹತ್ತನೇ ಸ್ಥಾನ.

2024-25ರಲ್ಲಿ ಕೋಚ್ ಜೆರಾರ್ಡ್ ಸರಗೋಸಾ. ಚೆಂಡು ವೇಗವಾಗಿ ಓಡಿಸುವ ಆಟ, ನೋಡೋಕೆ ಚೆಂದ. ಎಡ್ಗರ್ ಮೆಂಡೆಸ್, ನೊಗೆರಾ, ರಯಾನ್ ವಿಲಿಯಮ್ಸ್, ವಿಂಗ್‌ನಲ್ಲಿ ವಿನೀತ್ ವೆಂಕಟೇಶ್. ಆದರೆ ಗೋಲು? 14 ಗೋಲು ಹೊಡೆದು ಆ ಸೀಸನ್ ಭಾರತೀಯರಲ್ಲಿ ಮೊದಲಿಗರಾದವರು 40 ವರ್ಷದ ಛೆಟ್ರಿ. ಡಿಸೆಂಬರ್‌ನಲ್ಲಿ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್ ಬೇರೆ. ಅವರ ಎತ್ತರ 5 ಅಡಿ 7 ಇಂಚು, ಈಗ ಓಟವೂ ಇಲ್ಲ. ಗಮನ ಇಟ್ಟು ನೋಡಿ, ಕ್ರಾಸ್ ಬರುವ ಮೊದಲು ಅವರು ಡಿಫೆಂಡರ್‌ನ ಹಿಂದಿನ ಭುಜದ ಹತ್ತಿರ, ಅವನ ಕಣ್ಣಿಗೆ ಬೀಳದಂತೆ ನಿಂತಿರುತ್ತಾರೆ. ಚೆಂಡು ಕಾಲು ಬಿಟ್ಟ ಕೂಡಲೇ ಒಂದು ಹೆಜ್ಜೆ ಹಿಂದೆ, ಆಮೇಲೆ ಎರಡು ಹೆಜ್ಜೆ ಮುಂದೆ. ಗೋವಾ ಎದುರು ಸೆಮಿಫೈನಲ್‌ನ ಇಂಜುರಿ ಟೈಮ್ ಹೆಡರ್ ಹಾಗೇ ಬಂದಿದ್ದು. ಇದು ಹತ್ತಾರು ವರ್ಷ ಬಾಕ್ಸ್ ಒಳಗೆ ಕಳೆದವನಿಗೆ ಮಾತ್ರ ಬರುವ ವಿದ್ಯೆ. ನಮ್ಮ ಹುಡುಗರಿಗೆ ಆ ವರ್ಷಗಳೇ ಸಿಗುತ್ತಿಲ್ಲ.

ಫೈನಲ್ 2025ರ ಏಪ್ರಿಲ್ 12, ಕೋಲ್ಕತ್ತಾದ ಸಾಲ್ಟ್ ಲೇಕ್. ಮೋಹನ್ ಬಗಾನ್ ಎದುರು ನಮಗೆ ಸಿಕ್ಕ ಗೋಲು ಅವರದೇ ಡಿಫೆಂಡರ್ ಹೊಡೆದುಕೊಂಡ ಓನ್ ಗೋಲ್. ಅವರು ಗೆದ್ದಿದ್ದು ಕಮಿಂಗ್ಸ್ ಮತ್ತು ಮ್ಯಾಕ್ಲಾರೆನ್ ಹೊಡೆದ ಗೋಲುಗಳಿಂದ. ಇಬ್ಬರೂ ಆಸ್ಟ್ರೇಲಿಯಾದ ಸ್ಟ್ರೈಕರ್‌ಗಳು. ನಾಲ್ಕು ಫೈನಲ್, ಒಂದು ಕಪ್. ಮೂರು ಫೈನಲ್ ಆಡಿ ಒಂದೂ ಕಪ್ ಇಲ್ಲದ ಬ್ಲಾಸ್ಟರ್ಸ್‌ಗಿಂತ ವಾಸಿ ಅಂತ ಇಲ್ಲಿ ಹೇಳಿಕೊಂಡು ತಿರುಗುತ್ತೇನೆ, ಬೇರೆ ಏನು ಮಾಡೋದು. ದೇಶದ ತಂಡದ್ದೂ ಇದೇ ಪಾಡು. 2024ರ ಜೂನ್‌ನಲ್ಲಿ ದೇಶದ ತಂಡದಿಂದ ನಿವೃತ್ತಿಯಾದ ಛೆಟ್ರಿಯನ್ನೇ 2025ರ ಮಾರ್ಚ್‌ನಲ್ಲಿ ವಾಪಸ್ ಕರೆದರು, ಅವರು ಬಂದು ಮಾಲ್ಡೀವ್ಸ್ ಮೇಲೆ ಗೋಲೂ ಹೊಡೆದರು.

ಹಾಗಾಗಿ ಫಾರ್ಮೇಷನ್ 4-3-3ಓ 3-5-2ಓ ಅನ್ನುವ ಜಗಳದಲ್ಲಿ ನನಗೆ ಆಸಕ್ತಿ ಹೋಗಿದೆ. ರಿಸರ್ವ್ ಹುಡುಗರು 2022, 2023 ಎರಡೂ ವರ್ಷ ಡೆವಲಪ್‌ಮೆಂಟ್ ಲೀಗ್ ಗೆದ್ದವರು, ಅಂದರೆ ಆಳಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ಆ ವಿದೇಶಿ ಜಾಗವನ್ನು ಇನ್ನೊಬ್ಬ ಮಿಡ್‌ಫೀಲ್ಡರ್‌ಗೆ ಕೊಡಿ, ನಡುವೆ ಶಿವಶಕ್ತಿಯೋ ಅವನಿಗಿಂತ ಚಿಕ್ಕವನೋ ಯಾರಾದರೂ ಒಬ್ಬ ಇಡೀ ಸೀಸನ್ ನಿಲ್ಲಲಿ. ಹತ್ತು ಪಂದ್ಯ ಗೋಲು ಬರದಿದ್ದರೂ ತೆಗೆಯಬೇಡಿ. ಆ ಹತ್ತು ಪಂದ್ಯ ಅವನನ್ನು ಬೈಯುವವರಲ್ಲಿ ನಾನೂ ಇರುತ್ತೇನೆ, ಅದಕ್ಕೆ ಕಿವಿಗೊಡಬೇಡಿ.