ಸಾವಿನ ಲೆಕ್ಕಕ್ಕೊಂದು ಛೇದ ಬೇಕು

"ನೂರು ವರ್ಷಕ್ಕೊಮ್ಮೆ ಮಹಾಮಾರಿ ಬಂದೇ ಬರುತ್ತೆ. 1720, 1820, 1920, 2020, ನೀವೇ ನೋಡಿ!" ಕೋವಿಡ್ ಕಾಲದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ಈ ಸಂದೇಶವನ್ನು ಈಗಲೂ ನಂಬುವವರಿದ್ದಾರೆ ಎಂಬುದೇ ನನ್ನ ಸಂಕಟ. 1720ರ ಪ್ಲೇಗ್ ಫ್ರಾನ್ಸಿನ ಮಾರ್ಸೇ ನಗರ ಮತ್ತು ಅದರ ಆಸುಪಾಸನ್ನು ದಾಟಿ ಲೋಕವನ್ನೇನೂ ಸುತ್ತಲಿಲ್ಲ. ಕಾಲರಾದ ಮೊದಲ ದಂಡಯಾತ್ರೆ ಹೊರಟದ್ದು 1817ರಲ್ಲಿ. ಸ್ಪ್ಯಾನಿಷ್ ಫ್ಲೂ 1918ರದು. 1889, 1957, 1968ರ ಫ್ಲೂಗಳೆಲ್ಲಿ? 1981ರಲ್ಲಿ ಗುರುತಿಗೆ ಬಂದು ಇದುವರೆಗೆ 4 ಕೋಟಿಗೂ ಹೆಚ್ಚು ಜೀವ ತೆಗೆದ ಏಡ್ಸ್ ಎಲ್ಲಿ? ಬೇಕಾದ ವರ್ಷಗಳನ್ನಷ್ಟೇ ಹೆಕ್ಕಿಕೊಂಡರೆ ಎಂಥ ಚಕ್ರವನ್ನಾದರೂ ತಿರುಗಿಸಬಹುದು.

ಸತ್ತವರ ಸಂಖ್ಯೆಯನ್ನು ಒಂದರ ಕೆಳಗೊಂದು ಬರೆದು "ಯಾವುದು ದೊಡ್ಡದು" ಎನ್ನುವ ಪಟ್ಟಿಗಳೂ ದಾರಿ ತಪ್ಪಿಸುತ್ತವೆ. 1918ರ ಫ್ಲೂಗೆ ಸುಮಾರು 5 ಕೋಟಿ ಜನ ಬಲಿಯಾದರು ಎಂದಿಟ್ಟುಕೊಂಡರೆ, ಆಗಿನ ಸುಮಾರು 180 ಕೋಟಿ ಜನರಲ್ಲಿ 36 ಜನರಿಗೊಬ್ಬರು. 2020 ಮತ್ತು 2021ರಲ್ಲಿ ಕೋವಿಡ್ ಕಾಲದ ಹೆಚ್ಚುವರಿ ಸಾವು ಸುಮಾರು 1.5 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಅದು 500 ಜನರಿಗೊಬ್ಬರಷ್ಟೂ ಆಗುವುದಿಲ್ಲ. 14ನೇ ಶತಮಾನದಲ್ಲಿ "ಕಪ್ಪು ಸಾವು" ಎನಿಸಿಕೊಂಡ ಪ್ಲೇಗ್ ಯೂರೋಪಿನಲ್ಲಿ ಮೂವರಲ್ಲಿ ಒಬ್ಬರನ್ನಾದರೂ ಒಯ್ದಿತು.

"ಹೆಚ್ಚುವರಿ ಸಾವು" ಎಂದೆನಲ್ಲ, ನನಗೆ ಅಚ್ಚುಮೆಚ್ಚಿನ ಲೆಕ್ಕ ಅದು. ತುಪ್ಪ ತೂಗುವವರು ಮೊದಲು ಖಾಲಿ ಪಾತ್ರೆಯನ್ನು ತೂಗುತ್ತಾರೆ. ಮಾಮೂಲಿ ವರ್ಷದ ಸಾವುಗಳೇ ಆ ಖಾಲಿ ಪಾತ್ರೆ. ಅದನ್ನು ಕಳೆದಾಗ ಉಳಿಯುವುದು ಪಿಡುಗಿನ ತೂಕ. ಅಥವಾ ಹೊಳೆಯನ್ನು ನೆನೆಯಿರಿ. ಪ್ರವಾಹದ ದಿನ ಯಾವ ಹನಿ ಯಾವ ಮೋಡದ್ದೆಂದು ಯಾರೂ ಕೇಳುವುದಿಲ್ಲ, ಎಂದಿನ ಮಟ್ಟಕ್ಕಿಂತ ನೀರು ಎಷ್ಟು ಏರಿತೆಂದು ನೋಡುತ್ತಾರೆ. ಈ ಲೆಕ್ಕಕ್ಕೆ ವೈದ್ಯರ ಷರಾ ಬೇಕಿಲ್ಲ. ಸತ್ತವನಿಗೆ ಫ್ಲೂ ಇತ್ತೋ, ನ್ಯುಮೋನಿಯಾವೋ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಹೃದಯಾಘಾತದಿಂದ ಹೋದನೋ, ಎಲ್ಲವೂ ಏರಿದ ನೀರಿನೊಳಗೇ ಸೇರಿರುತ್ತವೆ. 1847ರ ಲಂಡನ್ ಫ್ಲೂವನ್ನು ಇಂಗ್ಲೆಂಡಿನ ಅಂಕಿಅಂಶ ತಜ್ಞ ವಿಲಿಯಂ ಫಾರ್ ಹೀಗೆಯೇ ಅಳೆದ.

ಷರಾವನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ಅದೇ ಲಂಡನ್ 1665ರಲ್ಲಿ ಕಂಡಿತ್ತು. ಹೆಣ ನೋಡಿ ಸಾವಿನ ಕಾರಣ ಹೇಳುವ ಕೆಲಸ ಅಲ್ಲಿ ಬಡ ಮುದುಕಿಯರದು. ಪ್ಲೇಗ್ ಎಂದು ಬರೆಸಿದರೆ ಮನೆಗೆ ಬೀಗ, ಒಳಗಿದ್ದವರೆಲ್ಲ ಬಂದಿ. ಹಾಗಾಗಿ ಕೈಬೆಚ್ಚಗೆ ಮಾಡಿ ಬೇರೆ ಕಾಯಿಲೆಯ ಹೆಸರು ಹೇಳಿಸುತ್ತಿದ್ದರು. ದಾಖಲೆಯಲ್ಲಿ ಪ್ಲೇಗಿನ ಸಾವು 68,596. ಇತಿಹಾಸಕಾರರ ಅಂದಾಜು ಸುಮಾರು 1 ಲಕ್ಷ.

1918ರ ಫ್ಲೂಗೆ ಇಡೀ ಲೋಕದಲ್ಲಿ 2.15 ಕೋಟಿ ಜನ ಸತ್ತರೆಂದು 1927ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ತಜ್ಞ ಎಡ್ವಿನ್ ಜೋರ್ಡನ್ ಲೆಕ್ಕ ಹಾಕಿದ. ಆಮೇಲೆ ಜನಗಣತಿಯನ್ನು ಕೆದಕಿದವರು ಭಾರತವೊಂದರಲ್ಲೇ 1.2ರಿಂದ 2 ಕೋಟಿ ಎಂದರು. ಜನಗಣತಿಯ ಇತಿಹಾಸದಲ್ಲಿ ಭಾರತದ ಜನಸಂಖ್ಯೆ ಕುಗ್ಗಿದ ದಶಕ 1911-21 ಒಂದೇ. ಊರೂರಿನ ಮರಣ ಪುಸ್ತಕಗಳು ಬಿಟ್ಟುಬಿಟ್ಟ ಹೆಣಗಳನ್ನು ಆ ಕುಗ್ಗುವಿಕೆ ಹಿಡಿದುಕೊಟ್ಟಿತು.

ಖಾಲಿ ಪಾತ್ರೆಯ ತೂಕವೇ ಸಿಗದ ಕಡೆ ಮಾತ್ರ ಈ ಉಪಾಯವೂ ಸೋಲುತ್ತದೆ. 1520ರಲ್ಲಿ ಸಿಡುಬು ಮೆಕ್ಸಿಕೋ ಹೊಕ್ಕಾಗ ಅಲ್ಲಿ ಎಷ್ಟು ಜನರಿದ್ದರು? ಒಬ್ಬ ವಿದ್ವಾಂಸ ಸುಮಾರು 50 ಲಕ್ಷ ಎಂದರೆ ಇನ್ನೊಬ್ಬರು 2.5 ಕೋಟಿ ಎನ್ನುತ್ತಾರೆ. ಐದು ಪಟ್ಟು ಅಂತರ, ಅದೂ ಮೊದಲ ಸಾವಿಗೆ ಮುಂಚೆಯೇ.