ಬೆಳೆಯುಳಿಕೆ ಮತ್ತು ಹೊದಿಕೆ ಬೆಳೆ: ಜೀವರಾಶಿಯ ಎರಡು ಮೂಲಗಳು

ಕಾಳು, ಅರಳೆಗಳನ್ನು ತೆಗೆದುಕೊಂಡ ಮೇಲೆ ಹೊಲದಲ್ಲೋ ಕಣದಲ್ಲೋ ಗಿರಣಿಯಲ್ಲೋ ಮಿಕ್ಕುವ ಹುಲ್ಲು, ಕಣಿಕೆ, ಕಟ್ಟಿಗೆ, ಹೊಟ್ಟುಗಳನ್ನು ಬೆಳೆಯುಳಿಕೆ ಎನ್ನುತ್ತಾರೆ. ಎರಡು ಬೆಳೆಗಳ ನಡುವೆ ನೆಲ ಬರಿದಾಗದಂತೆ ಬಿತ್ತುವ ಸೆಣಬು, ಡಯಾಂಚ (ಹಸಿರೆಲೆ ಗೊಬ್ಬರದ ಗಿಡ), ಅಲಸಂದೆ, ಹುರುಳಿಗಳು ಹೊದಿಕೆ ಬೆಳೆಗಳು. ಇಂಧನಕ್ಕೋ ವಿದ್ಯುತ್ತಿಗೋ ಒದಗುವಾಗ ಇವೆರಡನ್ನೂ ಜೀವರಾಶಿ ಅಥವಾ ಬಯೋಮಾಸ್ ಎಂದು ಲೆಕ್ಕ ಹಿಡಿಯಲಾಗುತ್ತದೆ. ಆದರೆ ದನಕ್ಕೂ ಮಣ್ಣಿಗೂ ಸಲ್ಲಬೇಕಾದದ್ದು ಸಂದ ಮೇಲೆ ಉಳಿಯುವ ಪಾಲಿಗೆ ಮಾತ್ರ ಸುಸ್ಥಿರ ಎಂಬ ವಿಶೇಷಣ ಒಪ್ಪುತ್ತದೆ.

ರಾಯಚೂರು ಜಿಲ್ಲೆಯ ಬೆಳೆಗಳನ್ನೇ ನೋಡಿದರೆ ಈ ಪಾಲು ಎಲ್ಲ ಕಡೆ ಒಂದೇ ಅಲ್ಲ. ಜೋಳದ ಕಣಿಕೆ ಮೇವು. ಅದನ್ನು ಬಾಯ್ಲರಿಗೆ ಹಾಕುವ ಮಾತೇ ಏಳುವುದಿಲ್ಲ. ಸಿಂಧನೂರು, ಮಾನ್ವಿ ಭಾಗದ ಭತ್ತದ ಹುಲ್ಲು ಹೇರಳವಾಗಿದ್ದರೂ ಅದರಲ್ಲಿ ಸಿಲಿಕಾ ಮತ್ತು ಪೊಟ್ಯಾಷ್ ಹೆಚ್ಚಿರುವುದರಿಂದ, ಉರಿದಾಗ ಬೂದಿ ಕರಗಿ ಬಾಯ್ಲರಿನ ಕೊಳವೆಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೇಲಾಗಿ ಒಂದು ಟನ್ ಹುಲ್ಲಿನೊಡನೆ ಸುಮಾರು 5ರಿಂದ 8 ಕಿಲೋ ಸಾರಜನಕ, 12ರಿಂದ 17 ಕಿಲೋ ಪೊಟ್ಯಾಸಿಯಂ ಹೊಲ ಬಿಟ್ಟು ಹೋಗುತ್ತವೆ. ಗದ್ದೆಯಲ್ಲೇ ಬೆಂಕಿ ಇಟ್ಟರೆ ಪೊಟ್ಯಾಷ್ ಬಹುಪಾಲು ಬೂದಿಯಲ್ಲಿ ಉಳಿದರೂ ಸಾರಜನಕ ಹೊಗೆಯಾಗಿ ಹೋಗುತ್ತದೆ. ಅಕ್ಕಿ ಗಿರಣಿಯ ಉಮಿಯದು ಬೇರೆ ದಾರಿ: ಅದು ಒಂದೇ ಕಡೆ ರಾಶಿಯಾಗಿ, ಒಣಗಿದ ಸ್ಥಿತಿಯಲ್ಲಿ ಸಿಗುವುದರಿಂದ ಅಲ್ಲಿಯೇ ಭತ್ತ ಬೇಯಿಸುವ ಒಲೆಗೆ ಸೇರುತ್ತದೆ.

ಹತ್ತಿ ಕಟ್ಟಿಗೆಯೇ ಇವುಗಳಲ್ಲಿ ಉತ್ತಮ ಇಂಧನ ಎಂಬುದು ನನ್ನ ಅಭಿಪ್ರಾಯ. ದನ ಅದನ್ನು ತಿನ್ನುವುದಿಲ್ಲ, ಮಣ್ಣಿನಲ್ಲಿ ಬೇಗ ಕೊಳೆಯುವುದೂ ಇಲ್ಲ. ಗಿಡದಲ್ಲೇ ಉಳಿದ ಒಡೆಯದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಎಂಬ ಹುಳು ಅಡಗಿರುವುದರಿಂದ, ಕೊನೆಯ ಬಿಡಿಸುವಿಕೆ ಮುಗಿದೊಡನೆ ಕಟ್ಟಿಗೆಯನ್ನು ಕಿತ್ತು ಸಾಗಿಸುವುದು ಮುಂದಿನ ಬೆಳೆಗೂ ಒಳ್ಳೆಯದು. ಬದುವಿನ ಮೇಲೆ ತಿಂಗಳುಗಟ್ಟಲೆ ಒಟ್ಟಿಟ್ಟರೆ ಈ ಲಾಭ ಸಿಗದು. ತೊಗರಿ ಕಟ್ಟಿಗೆಯೂ ಒಳ್ಳೆಯ ಉರುವಲೇ, ಆದರೆ ಹಳ್ಳಿಯ ಒಲೆಗಳಿಗೇ ಅದು ಬೇಕು.

ಹೊದಿಕೆ ಬೆಳೆಯನ್ನು ಇಂಧನಕ್ಕೆಂದೇ ಬೆಳೆಯುವ ಸಲಹೆ ಎರೆಭೂಮಿಗೆ ಹೊಂದುವುದಿಲ್ಲ. ಹಿಂಗಾರಿ ಜೋಳ, ಕಡಲೆಗಳು ಮುಂಗಾರಿನಲ್ಲಿ ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಬದುಕುವುದರಿಂದ, ಅದನ್ನು ಮೊದಲೇ ಹೀರುವ ಬೆಳೆ ಮುಖ್ಯ ಬೆಳೆಗೆ ಪೈಪೋಟಿಯಾಗುತ್ತದೆ. ಕಾಲುವೆ ನೀರಿನ ಕಡೆ ಮಾತು ಬೇರೆ. ಅಲ್ಲಿ ನಾಟಿಗೆ ಮುಂಚೆ ನೀರು ಸಿಕ್ಕಲ್ಲಿ ಡಯಾಂಚ ಚೆಲ್ಲಬಹುದು. ಅದು ಸವಳು ನೆಲವನ್ನೂ ತಾಳುತ್ತದೆ. ಆದರೆ ಸುಮಾರು 45 ದಿನಕ್ಕೆ, ದಂಟು ಇನ್ನೂ ಎಳೆಯದಾಗಿರುವಾಗ ಅದನ್ನು ಗದ್ದೆಗೇ ತುಳಿಸುವುದು ರೂಢಿ, ಏಕೆಂದರೆ ಬೇರಿನ ಗಂಟುಗಳು ಗಾಳಿಯಿಂದ ಹಿಡಿದ ಸಾರಜನಕ ಆಗಷ್ಟೇ ಭತ್ತಕ್ಕೆ ಬೇಗ ದಕ್ಕುತ್ತದೆ. ಉರುವಲಾಗುವಷ್ಟು ಬಲಿಯಲು ಬಿಟ್ಟರೆ ನಾಟಿಯ ಹದ ತಪ್ಪುತ್ತದೆ.