ಡೇವ್ ಬ್ರೂಬೆಕ್: ಒಂಬತ್ತರ ಎಣಿಕೆ, ಆಮೇಲೆ ಒರೆಟೋರಿಯೊ

ಅಮೆರಿಕದ ಜ್ಯಾಝ್ ಪಿಯಾನೊ ವಾದಕ, ಸಂಯೋಜಕ ಬ್ರೂಬೆಕ್ ಅವರ ಜೀವನದ ವಿವರ ಬೇಗ ಮುಗಿಸೋಣ. ಹುಟ್ಟಿದ್ದು 1920ರಲ್ಲಿ, ಕ್ಯಾಲಿಫೋರ್ನಿಯಾದ ಕಾಂಕರ್ಡ್‌ನಲ್ಲಿ. ಪಶುವೈದ್ಯರಾಗಲೆಂದು ಕಾಲೇಜು ಸೇರಿ ಸಂಗೀತಕ್ಕೆ ಬಂದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲ್ಸ್ ಕಾಲೇಜಿನಲ್ಲಿ ಫ್ರೆಂಚ್ ಸಂಯೋಜಕ ಡೇರಿಯಸ್ ಮಿಯೋ ಅವರ ಬಳಿ ಕಲಿತರು. 1951ರಲ್ಲಿ ಕ್ವಾರ್ಟೆಟ್ (ನಾಲ್ವರ ತಂಡ), 1959ರಲ್ಲಿ 'ಟೈಮ್ ಔಟ್' ಆಲ್ಬಮ್. ತೀರಿಕೊಂಡದ್ದು 2012ರಲ್ಲಿ. ಆ ಆಲ್ಬಮ್ಮಿನ 'ಟೇಕ್ ಫೈವ್' ಬರೆದವರು ಕ್ವಾರ್ಟೆಟ್ಟಿನ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್, ಇದು ನೆನಪಿರಲಿ.

ತೊಡಕಿನ ಜಾಗ: 'ಬ್ಲೂ ರೊಂಡೊ ಅ ಲಾ ಟರ್ಕ್'

1958ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಕ್ವಾರ್ಟೆಟ್ಟನ್ನು ಪ್ರವಾಸಕ್ಕೆ ಕಳಿಸಿತು. ಟರ್ಕಿಯ ಬೀದಿ ವಾದಕರಲ್ಲಿ ಕೇಳಿದ ನಡೆಯೇ 'ಟೈಮ್ ಔಟ್'ನ ಈ ರಚನೆಯ ಬೇರು. ಅದೇ ಪ್ರವಾಸ ಭಾರತಕ್ಕೂ ಬಂದು 'ಕಲ್ಕತ್ತಾ ಬ್ಲೂಸ್' ಹುಟ್ಟಿತು.

ಇದರ ಲಯ 9/8, ಅಂದರೆ ಸಾಲಿಗೆ ಒಂಬತ್ತು ಎಣಿಕೆ. 9/8 ಅಂದ ಕೂಡಲೇ ಪಾಶ್ಚಾತ್ಯ ಪಾಠ ಕಲಿತವರು 3+3+3 ಎಣಿಸುತ್ತಾರೆ. ಕರ್ನಾಟಕ ಸಂಗೀತ ಕಲಿತವರ ಕೈ ಸಂಕೀರ್ಣದ (ಒಂಬತ್ತು ಅಕ್ಷರಗಳ ಗತಿಯ) 4+5ಕ್ಕೆ ಹೋಗುತ್ತದೆ. ಇಲ್ಲಿ ಎರಡೂ ಪೂರ್ತಿ ಕೂರುವುದಿಲ್ಲ. ಹೀಗೆ ಹೇಳಿಕೊಳ್ಳಿ:

ತಕ ತಕ ತಕ ತಕಿಟ
ತಕ ತಕ ತಕ ತಕಿಟ
ತಕ ತಕ ತಕ ತಕಿಟ
ತಕಿಟ ತಕಿಟ ತಕಿಟ

ಒಟ್ಟು 36 ಅಕ್ಷರ. ಪ್ರತಿ ಗುಂಪಿನ ಮೊದಲ ಅಕ್ಷರಕ್ಕಷ್ಟೇ ಚಪ್ಪಾಳೆ.

ತಪ್ಪುವುದು ಎರಡು ಕಡೆ. ಮೊದಲನೆಯದು, ಸಾಲಿನ ಕೊನೆಯ 'ತಕಿಟ'ವನ್ನು 'ತಕ'ದಷ್ಟೇ ಜಾಗದಲ್ಲಿ ತುರುಕುವುದು. ಆಗ ಒಂಬತ್ತು ಎಂಟಾಗುತ್ತದೆ. ಮೂರು ಸಾಲು ಮುಗಿಯುವಷ್ಟರಲ್ಲಿ ನೀವು ಮೂರು ಅಕ್ಷರ ಮುಂದಿರುತ್ತೀರಿ. ಅಕ್ಷರದ ವೇಗ ಬದಲಾಗಬಾರದು, ಚಪ್ಪಾಳೆಗಳ ನಡುವಿನ ಅಂತರ ಮಾತ್ರ ಹಿಗ್ಗಬೇಕು. ಅದಕ್ಕೇ ಮೆಟ್ರೊನೋಮ್ (ಲಯ ತೋರಿಸುವ ಯಂತ್ರ) ಅನ್ನು ಚಪ್ಪಾಳೆಗೆ ಇಡದೆ ಅಕ್ಷರಕ್ಕೆ ಇಟ್ಟುಕೊಳ್ಳಿ.

ಎರಡನೆಯದು ಇನ್ನೂ ಮೋಸದ್ದು. ನಾಲ್ಕನೇ ಸಾಲಲ್ಲೂ ಅಭ್ಯಾಸಬಲದಿಂದ 'ತಕ ತಕ ತಕ ತಕಿಟ' ಬಂದುಬಿಡುತ್ತದೆ. ಮೊತ್ತ ಒಂಬತ್ತೇ ಆದ್ದರಿಂದ ಮುಂದಿನ ಆವರ್ತ ಸರಿಯಾದ ಜಾಗದಲ್ಲೇ ಶುರುವಾಗಿ ತಪ್ಪು ಮುಚ್ಚಿಹೋಗುತ್ತದೆ. ಪರೀಕ್ಷೆ ಸುಲಭ: ಚಪ್ಪಾಳೆ ಎಣಿಸಿ. 15 ಬಂದರೆ ಸರಿ, 16 ಬಂದರೆ ನಾಲ್ಕನೇ ಸಾಲು ಕೆಟ್ಟಿದೆ.

ಒಬ್ಬೊಬ್ಬರೇ ನುಡಿಸುವ ಸೋಲೊಗಳು ಮಾತ್ರ ನೇರ 4/4ರ (ನಾಲ್ಕೆಣಿಕೆಯ) ಬ್ಲೂಸ್.

ಆರ್ಕೆಸ್ಟ್ರಾ, ಗಾಯನವೃಂದಕ್ಕೆ ಬರೆದ ಸಂಗೀತ

ಬ್ರೂಬೆಕ್ ಬಗೆಗಿನ ಟಿಪ್ಪಣಿಗಳಲ್ಲಿ '1967ರವರೆಗೆ ಜ್ಯಾಝ್, ಆಮೇಲೆ ಗಂಭೀರ ಸಂಗೀತ' ಎಂದು ಗೆರೆ ಎಳೆಯುವುದುಂಟು. ಅದು ನಿಲ್ಲುವುದಿಲ್ಲ. ಕ್ವಾರ್ಟೆಟ್ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ 'ಎಲಿಮೆಂಟಲ್ಸ್' 1963ರದ್ದೇ. 'ದ ಲೈಟ್ ಇನ್ ದ ವೈಲ್ಡರ್‌ನೆಸ್' ಒರೆಟೋರಿಯೊ (ಗಾಯಕರು, ಗಾಯನವೃಂದ, ಆರ್ಕೆಸ್ಟ್ರಾ ಸೇರಿ ಪ್ರಸ್ತುತಪಡಿಸುವ, ಹೆಚ್ಚಾಗಿ ಧಾರ್ಮಿಕ ವಸ್ತುವಿನ ದೊಡ್ಡ ರಚನೆ) 1968ರ ಆರಂಭದಲ್ಲೇ ಸಿನ್ಸಿನ್ಯಾಟಿಯಲ್ಲಿ ಪ್ರದರ್ಶನಗೊಂಡಿತು. 1967ರ ಕೊನೆಯಲ್ಲಿ ಕ್ವಾರ್ಟೆಟ್ ಮುಗಿದು ಎರಡೇ ತಿಂಗಳಲ್ಲಿ ಅಂಥದ್ದನ್ನು ಬರೆಯಲಾಗದು. ಕ್ವಾರ್ಟೆಟ್ ನುಡಿಸುತ್ತಿದ್ದ 'ಫಾರ್ಟಿ ಡೇಸ್' ಕೂಡ ಅದರೊಳಗಿದೆ. ಗಾಯನವೃಂದ ಮತ್ತು ಆರ್ಕೆಸ್ಟ್ರಾಕ್ಕೆ ಎಲ್ಲವೂ ಬರೆದ ಸ್ವರ; ಮನೋಧರ್ಮಕ್ಕೆ ಬೇರೆ ಜಾಗ, ಜ್ಯಾಝ್ ವಾದಕರಿಲ್ಲದಿದ್ದರೆ ಅದನ್ನು ಬಿಡಬಹುದು.

1969ರ 'ದ ಗೇಟ್ಸ್ ಆಫ್ ಜಸ್ಟಿಸ್' ನನಗೆ ಎಲ್ಲಕ್ಕಿಂತ ಇಷ್ಟ. ಟೆನರ್ (ಎತ್ತರದ ಗಂಡುದನಿ) ಭಾಗ ಯಹೂದಿ ಪ್ರಾರ್ಥನಾ ಗಾಯಕನಾದ ಕ್ಯಾಂಟರ್‌ಗೆ, ಬ್ಯಾರಿಟೋನ್ (ಅದಕ್ಕಿಂತ ತಗ್ಗಿನ ಗಂಡುದನಿ) ಭಾಗ ಕಪ್ಪು ಗಾಯಕನಿಗೆ. ಹೀಬ್ರೂ ಧರ್ಮಗ್ರಂಥದ ಮಾತುಗಳ ಪಕ್ಕದಲ್ಲೇ ಮಾರ್ಟಿನ್ ಲೂಥರ್ ಕಿಂಗ್ ಅವರ ಮಾತುಗಳಿವೆ. ಕೇಳುವಾಗ ಆ ಎರಡು ದನಿಗಳನ್ನು ಬೇರೆಬೇರೆಯಾಗಿ ಹಿಂಬಾಲಿಸಿ, ಆಮೇಲೆ ಗಾಯನವೃಂದಕ್ಕೆ ಕಿವಿಗೊಡಿ.